ತಾಯ್ನುಡಿಯ ದಾರಿಯಲ್ಲಿ ಪರನುಡಿ

ಪರದೇಶಕ್ಕೆ ಹೋದ ಸಂಸಾರವು ಮೊದಲು ಮನೆಯನ್ನು ಹುಡುಕುತ್ತದೆ. ಅನಂತರ ಅಕ್ಕಿ, ಬೇಳೆ ದೊರೆಯುವ ಅಂಗಡಿಯನ್ನು. ಅದಾದ ಮೇಲೆ ಮಕ್ಕಳಿಗೆ ಶಾಲೆಯನ್ನು. ಆ ನೆಲದ ನುಡಿಯ ಸರದಿ ಬರುವುದು ಬಹುಮಟ್ಟಿಗೆ ಕೊನೆಯಲ್ಲಿ. ಹಣವಿದ್ದರೆ ಮನೆ ದೊರೆಯುತ್ತದೆ, ಬೆರಳು ತೋರಿದರೆ ತರಕಾರಿ ದೊರೆಯುತ್ತದೆ, ಉಳಿದುದಕ್ಕೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ ಎಂಬ ಸಮಾಧಾನ ಹಿರಿಯರದು. ಮಾತು ಕೇವಲ ಕೊಡುಕೊಳ್ಳುವ ವ್ಯವಹಾರದ ಸಾಧನವಾಗಿದ್ದರೆ ಈ ಸಮಾಧಾನ ಸರಿಯೇ ಆಗುತ್ತಿತ್ತು. ಆದರೆ ಮನುಷ್ಯನ ನೋವು, ಅಂಜಿಕೆ, ನಾಚಿಕೆಗಳೂ ಮಾತಿನ ಮೂಲಕವೇ ಹೊರಬರಬೇಕು. ಅವನ್ನು ಇನ್ನೊಬ್ಬರ ಬಾಯಿಂದ, ಅದರಲ್ಲಿಯೂ ತನ್ನ ಮಗುವಿನ ಬಾಯಿಂದ ಹೇಳಿಸಬೇಕಾಗಿ ಬಂದಾಗ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೋ ದೇಶದಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬದ ಅನುಭವವು ನಿದರ್ಶನವಾಗಿದೆ.

ಮೆಕ್ಸಿಕೋದ ಹಾಲಿಸ್ಕೋ ಪ್ರಾಂತದ ರಾಜಧಾನಿ ಗ್ವಾದಲಹಾರಾ. 1542ರಲ್ಲಿ ಈಗಿನ ಸ್ಥಳದಲ್ಲಿ ಸ್ಥಾಪಿತವಾದ ಈ ನಗರವು ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೂ ಸಾಫ್ಟ್‌ವೇರ್ ಕಚೇರಿಗಳಿಗೂ ಹೆಸರಾದ ಊರಾದುದರಿಂದ ಭಾರತದ ಎಂಜಿನಿಯರುಗಳು ಅಲ್ಲಿಗೆ ಹೋಗುವುದುಂಟು. ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆಯ ಒಂದು ಸಂಸಾರವು 2022ರ ಆಗಸ್ಟ್ ತಿಂಗಳಲ್ಲಿ ಅಲ್ಲಿಗೆ ಹೋಗಿ ನೆಲೆಸಿತು. ತಂದೆ ಎಂಜಿನಿಯರು, ತಾಯಿ ಕನ್ನಡ ಮಾಧ್ಯಮದಲ್ಲಿ ಪಿಯುಸಿಯವರೆಗೆ ಓದಿದವರು, ಹತ್ತು ವರ್ಷದ ಮಗಳು, ಆರು ವರ್ಷದ ಮಗ.

ಸ್ಪ್ಯಾನಿಷ್ ಭಾಷೆಯು ಇಪ್ಪತ್ತು ದೇಶಗಳಲ್ಲಿ ಆಡಳಿತದಲ್ಲಿರುವ ನುಡಿ. ಅದನ್ನಾಡುವವರ ಸಂಖ್ಯೆ ಅತ್ಯಧಿಕವಾಗಿರುವುದು ಸ್ಪೇನಿನಲ್ಲಲ್ಲ, ಮೆಕ್ಸಿಕೋದಲ್ಲಿ. 2020ರ ಜನಗಣತಿಯಂತೆ ಆ ದೇಶದ ಜನಸಂಖ್ಯೆ 12.6 ಕೋಟಿ. ಅಂತಹ ನೆಲದಲ್ಲಿ ಈ ನಾಲ್ವರೂ ನಾಲ್ಕು ಬಗೆಯಲ್ಲಿ ಭಾಷೆಯನ್ನು ಎದುರುಗೊಂಡರು. ತಂದೆ ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕವನ್ನು ಕೊಂಡು, ವಾರಕ್ಕೆ ಎರಡು ಸಂಜೆ ಕಚೇರಿಯಲ್ಲಿಯೇ ನಡೆಯುವ ತರಗತಿಗೆ ಹೋದರು. ಮಗಳು ಶಾಲೆಯ ಅಂಗಳದಲ್ಲಿ ಕಲಿತಳು. ಮಗನು ಚೆಂಡಿನ ಹಿಂದೆ ಓಡುತ್ತ ಕಲಿತನು. ತಾಯಿ ಮಾತ್ರ ಕಲಿಯಲಿಲ್ಲ. ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಒಂದೇ: "ನನಗ ಇಂಗ್ಲಿಷೇ ಬರೂದಿಲ್ಲ, ಇನ್ನ ಸ್ಪ್ಯಾನಿಷ್ ಎಲ್ಲಿಂದ ಬರಬೇಕು?"

ಈ ಒಂದು ಮಾತಿನಲ್ಲಿ ನಮ್ಮ ಕಾಲದ ದೊಡ್ಡದೊಂದು ತಪ್ಪು ತಿಳಿವಳಿಕೆ ಅಡಗಿದೆ. ಲೋಕದ ಯಾವ ನುಡಿಯ ಮನೆಗೆ ಹೋಗಬೇಕಾದರೂ ಇಂಗ್ಲಿಷ್ ಎಂಬ ಬಾಗಿಲಿನಿಂದಲೇ ಹೋಗಬೇಕು, ಅದು ತೆರೆಯದವರಿಗೆ ಬೇರಾವ ಬಾಗಿಲೂ ಇಲ್ಲ ಎಂಬ ಭಾವನೆ ಅದು. ಆ ತಾಯಿ ಅದನ್ನು ಯಾರ ಒತ್ತಾಯವೂ ಇಲ್ಲದೆ ನಂಬಿದ್ದರು. ತಂದೆಯೂ ಅದನ್ನು ಅಲ್ಲಗಳೆಯಲಿಲ್ಲ.

ಹೀಗಾಗಿ ಮನೆಯ ಬಾಯಿಯಾಗುವ ಕೆಲಸ ಮಗಳ ಪಾಲಿಗೆ ಬಂತು. ಗ್ಯಾಸ್ ತರುವವನೊಡನೆ, ಮನೆಯ ಮಾಲೀಕರೊಡನೆ, ಅಂಗಡಿಯವರೊಡನೆ ಅವಳೇ ಮಾತನಾಡಬೇಕು. ಮೊದಮೊದಲು ಹೆತ್ತವರಿಗೆ ಅದು ಹೆಮ್ಮೆಯ ವಿಷಯ. ಊರಿಗೆ ಫೋನು ಮಾಡಿದಾಗಲೆಲ್ಲ ಮಗಳ ಪ್ರತಾಪವನ್ನು ಹೇಳಿಕೊಳ್ಳುತ್ತಿದ್ದರು. ಶಾಲೆಯ ಸಭೆಗೆ ತಾಯಿ ಹೋದಾಗ, ಮಗಳು ಲೆಕ್ಕದ ಮನೆಪಾಠವನ್ನು ಸರಿಯಾಗಿ ಮಾಡುತ್ತಿಲ್ಲವೆಂದು ಶಿಕ್ಷಕಿ ಹೇಳಿದ ಮಾತು, ಮಗಳ ಬಾಯಲ್ಲಿ "ಲೆಕ್ಕ ಇನ್ನೂ ಸ್ವಲ್ಪ ಛಲೋ ಮಾಡಬಹುದಂತ" ಎಂದು ಮೆತ್ತಗಾಗಿ ಹೊರಬಂದುದೂ ಉಂಟು. ಅದು ತಿಳಿದಾಗ ಮನೆಯವರೆಲ್ಲ ನಕ್ಕರು. ದೊಡ್ಡವರ ಮಾತನ್ನು ತೂಗಿ, ಅಳೆದು, ಬೇಡವೆನಿಸಿದುದನ್ನು ಬಿಟ್ಟು ಹೇಳುವ ಅಧಿಕಾರವು ಹತ್ತು ವರ್ಷದ ಮಗುವಿನ ಕೈಗೆ ಬಂದಿದೆ ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ.

2023ರ ಮೇ ತಿಂಗಳಲ್ಲಿ ತಾಯಿಗೆ ಬಲಪಕ್ಕೆಯ ಕೆಳಗೆ ನೋವು ಕಾಣಿಸಿಕೊಂಡಿತು. ಊಟವಾದ ಮೇಲೆ ಹೆಚ್ಚುತ್ತಿತ್ತು, ಬೆನ್ನಿಗೂ ಹಬ್ಬುತ್ತಿತ್ತು. ತಂದೆ ಕೆಲಸದ ನಿಮಿತ್ತ ಪರಸ್ಥಳದಲ್ಲಿದ್ದರು. ಮಗಳನ್ನು ಕರೆದುಕೊಂಡು ತಾಯಿ ಸಮೀಪದ ವೈದ್ಯರಲ್ಲಿಗೆ ಹೋದರು. ಆ ವೈದ್ಯರಿಗೆ ಬರುತ್ತಿದ್ದುದು ಸ್ಪ್ಯಾನಿಷ್ ಒಂದೇ. ಅವರು ಸ್ಕ್ಯಾನ್ ಮಾಡಿಸಿ ನೋಡಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ, ಶಸ್ತ್ರಚಿಕಿತ್ಸೆ ಮಾಡಿ ಪಿತ್ತಕೋಶವನ್ನೇ ತೆಗೆಯಬೇಕು, ಅಲ್ಲಿಯವರೆಗೆ ನೋವಿಗೆ ಗುಳಿಗೆ ಇದೆ, ಎಣ್ಣೆ ಜಿಡ್ಡಿನ ಪದಾರ್ಥ ಬೇಡ ಎಂದು ಹೇಳಿದರು. ಮಗುವನ್ನು ನೋಡಿ, ನಿನ್ನ ತಂದೆಗೆ ಫೋನು ಮಾಡಲು ಹೇಳು ಎಂದೂ ಸೂಚಿಸಿದರು. ಮಗಳು ತಾಯಿಯ ಕಡೆ ತಿರುಗಿ ಹೇಳಿದ್ದು ಇಷ್ಟು: "ಅವ್ವಾ, ಹೊಟ್ಟ್ಯಾಗ ಸಣ್ಣ ಕಲ್ಲ ಅದಾವಂತ. ಗುಳಿಗಿ ತೊಗೊಂಡ್ರ ಸಾಕಂತ."

ಒಂಬತ್ತು ದಿನಗಳ ನಂತರ ರಾತ್ರಿ ನೋವು ತಡೆಯಲಾರದಷ್ಟಾಯಿತು. ಅಂದು ಸಂಜೆಯೇ ಮರಳಿ ಬಂದಿದ್ದ ತಂದೆ ವೈದ್ಯರ ಕಾಗದವನ್ನು ತೆಗೆದು ಓದಿದರು. ಅದರಲ್ಲಿ ಶಸ್ತ್ರಚಿಕಿತ್ಸೆ ಎಂಬುದಕ್ಕೆ ಸ್ಪ್ಯಾನಿಷ್ ಮಾತಾದ 'ಸಿರುಹಿಯಾ' ಎಂಬುದು ಸ್ಪಷ್ಟವಾಗಿತ್ತು. ಈ ಪದ ನಿನಗೆ ತಿಳಿಯದೆ ಹೋಯಿತೆ ಎಂದು ಮಗಳನ್ನು ಕೇಳಿದರು. ಮಗಳು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ತಾಯಿಯ ಸೆರಗನ್ನು ಹಿಡಿದು, "ತಿಳಿದಿತ್ತು. ನಾ ಹೇಳಿದ್ರ ಖರೇ ಆಗ್ತದ ಅನಿಸ್ತವ್ವಾ. ಹೇಳಲಿಲ್ಲಂದ್ರ ಆಗೂದಿಲ್ಲ ಅಂತ ತಿಳ್ಕೊಂಡಿದ್ದೆ" ಎಂದಳು.

ಒಂಬತ್ತು ರಾತ್ರಿ ಆ ಮಗು ಈ ಸತ್ಯವನ್ನು ತನ್ನೊಬ್ಬಳ ಎದೆಯಲ್ಲಿಟ್ಟುಕೊಂಡು ಮಲಗಿತ್ತು. ತಾಯಿ ಅವಳನ್ನು ಬೈಯಲಿಲ್ಲ. ಸುಳ್ಳು ಹೇಳಿದವಳು ಮಗಳಾದರೂ, ಆ ಸುಳ್ಳಿನ ಬೀಜ ತನ್ನ ಮೌನದಲ್ಲಿದೆ ಎಂಬ ಅರಿವು ಅವರಿಗಾಯಿತು. ತಾನು ಆಡಬೇಕಾದ ಮಾತನ್ನು, ತಾನು ಕೇಳಬೇಕಾದ ಮಾತನ್ನು ಮಗುವಿನ ತಲೆಯ ಮೇಲೆ ಹೊರಿಸಿ, ಅದನ್ನೇ ಮಗುವಿನ ಜಾಣ್ಮೆಯೆಂದು ಹೊಗಳಿಕೊಂಡಿದ್ದಾಯಿತು. ಹೊರೆ ಹೊತ್ತ ಮಗುವನ್ನು ಹೊಗಳುವುದರಿಂದ ಹೊರೆಯ ಭಾರವೇನೂ ಇಳಿಯುವುದಿಲ್ಲ.

ಆ ರಾತ್ರಿಯೇ ವೈದ್ಯರನ್ನು ಕಂಡು ನೋವು ಶಮನಗೊಂಡಿತು. ಶಸ್ತ್ರಚಿಕಿತ್ಸೆಗೆ ಮೂರು ವಾರಗಳ ನಂತರದ ದಿನ ಗೊತ್ತಾಯಿತು. ಅಂದು ವೈದ್ಯರೊಡನೆ ತಾನೇ ಮಾತನಾಡುವೆನೆಂದು ತಾಯಿ ಹೇಳಿದರು. ಅಂದಿನಿಂದ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಪಾಠ ಆರಂಭವಾಯಿತು. ಮಕ್ಕಳು ಕುರ್ಚಿಯ ಮೇಲೆ, ಹೆತ್ತವರು ಚಾಪೆಯ ಮೇಲೆ. ತಪ್ಪು ಮಾಡಿದವರನ್ನು ಕಂಡು ನಗಬಾರದು, ತಿದ್ದಿದವರ ಮೇಲೆ ಸಿಟ್ಟಾಗಬಾರದು ಎಂಬ ಎರಡೇ ನಿಯಮಗಳು. ಎರಡನೆಯದನ್ನು ಪಾಲಿಸುವುದು ತಂದೆಗೆ ಬಲು ಕಷ್ಟವಾಯಿತು. ಆರು ವರ್ಷದ ಮಗನು "ಹಂಗಲ್ಲ ಅಪ್ಪಾ" ಎಂದಾಗಲೆಲ್ಲ ಅವರ ಮುಖ ಬಿಗಿಯುತ್ತಿತ್ತು. ವಿದ್ಯೆಯುಳ್ಳವನಿಗೆ ಕಲಿಯಲು ಅಡ್ಡಬರುವುದು ಅಜ್ಞಾನವಲ್ಲ, ತಾನು ಬಲ್ಲೆನೆಂಬ ಭಾವ.

ಮೊದಲ ವಾರದಲ್ಲಿಯೇ ಒಂದು ಅಚ್ಚರಿ ಕಾದಿತ್ತು. ನೋವನ್ನು ಹೇಳುವುದು ಹೇಗೆಂದು ತಾಯಿ ಕೇಳಿದರು. ತಲೆ ನೋಯುತ್ತದೆ ಎನ್ನಲು 'ಮೆ ದುಯೆಲೆ ಲಾ ಕಬೇಸಾ' ಎನ್ನಬೇಕೆಂದು ಮಗಳು ಹೇಳಿದಳು. 'ಮೆ' ಎಂದರೇನೆಂದು ಕೇಳಿದರೆ 'ನನಗೆ'. 'ದುಯೆಲೆ' ಎಂದರೆ 'ನೋಯುತ್ತದೆ'. 'ಕಬೇಸಾ' ಎಂದರೆ ತಲೆ. ನನಗೆ ನೋಯುತ್ತದೆ ತಲೆ! "ಇದು ನಮ್ಮ ಮಾತೇ ಆತಲ್ಲ" ಎಂದರು ತಾಯಿ. ಇಂಗ್ಲಿಷಿನಲ್ಲಿ ನೋವು ಹೇಳಬೇಕಾದರೆ 'ನನ್ನ ತಲೆ' ಎಂದು ತೊಡಗಬೇಕು, ಅಥವಾ 'ನಾನು ತಲೆನೋವನ್ನು ಹೊಂದಿದ್ದೇನೆ' ಎನ್ನಬೇಕು. ಸ್ಪ್ಯಾನಿಷ್ ಮಾತ್ರ ಕನ್ನಡದಂತೆ, ನೋವು ತನಗೆ ಬಂದೊದಗಿದ್ದು ಎಂದು ಚತುರ್ಥಿಯ ಅರ್ಥದಲ್ಲಿಯೇ ಹೇಳುತ್ತದೆ. ಇಷ್ಟಪಡುವುದೂ ಹಾಗೆಯೇ. 'ಮೆ ಗುಸ್ತಾ' ಎಂದರೆ 'ನನಗೆ ಹಿಡಿಸುತ್ತದೆ'. ಇಂಗ್ಲಿಷಿನ ಜಾಡು ಹಿಡಿದಿದ್ದ ತಂದೆಯವರು ಒಂಬತ್ತು ತಿಂಗಳಿಂದ 'ನಾನು' ಎಂಬರ್ಥದ 'ಯೋ' ಎಂಬುದರಿಂದ ತೊಡಗಿ 'ಯೋ ಗುಸ್ತೋ' ಎಂದು ತಪ್ಪಾಗಿ ಹೇಳುತ್ತಿದ್ದರು. ಇಂಗ್ಲಿಷ್ ಅರಿಯದ ತಾಯಿ ಮೊದಲ ದಿನವೇ ಸರಿಯಾಗಿ ಹೇಳಿದರು.

ಸಾಮ್ಯ ಅಲ್ಲಿಗೇ ಮುಗಿಯಲಿಲ್ಲ. ಕನ್ನಡದಲ್ಲಿ 'ಬರುತ್ತೇನೆ' ಎಂದರೆ ಸಾಕು, 'ನಾನು' ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಸ್ಪ್ಯಾನಿಷಿನ 'ಬೆಂಗೋ' ಎಂಬ ಒಂದೇ ಕ್ರಿಯಾಪದದಲ್ಲಿಯೂ ಕರ್ತೃ ಅಡಗಿದ್ದಾನೆ. ಅ, ಎ, ಇ, ಒ, ಉ ಎಂಬ ಐದೇ ಶುದ್ಧ ಸ್ವರಗಳು. ತಕಾರ, ದಕಾರಗಳು ಹಲ್ಲಿಗೆ ನಾಲಗೆ ತಾಗಿಸಿ ಹೇಳುವ ನಮ್ಮ ತಕಾರ, ದಕಾರಗಳಿಗೆ ಹತ್ತಿರ. ಲಿಪಿಯಲ್ಲಿ 27 ಅಕ್ಷರಗಳು. ಉಚ್ಚರಿಸದ ಹಕಾರದಂತಹ ಕೆಲವನ್ನು ಬಿಟ್ಟರೆ ಬರೆದಂತೆ ಓದಬಹುದು. 'ಪೆರೊ' ಎಂದರೆ ಆದರೆ; ರಕಾರವನ್ನು ಒತ್ತಿ 'ಪೆರ್ರೊ' ಎಂದರೆ ನಾಯಿ. ಒತ್ತಕ್ಷರದಿಂದ ಅರ್ಥ ಬದಲಾಗುವುದು ಕನ್ನಡಿಗರಿಗೆ ಹೊಸದೇನಲ್ಲ.

ನೀನು, ನೀವು ಎಂಬ ಭೇದವೂ ಅಲ್ಲಿದೆ. ಆಪ್ತರಿಗೆ 'ತು', ಹಿರಿಯರಿಗೂ ಅಪರಿಚಿತರಿಗೂ 'ಉಸ್ತೆದ್'. ಈ ಎರಡನೆಯದು 'ತಮ್ಮ ಕೃಪೆ' ಎಂಬರ್ಥದ ಹಳೆಯ ಗೌರವಸೂಚಕ ಮಾತು ಸವೆದು ಆದುದು. ಆದಕಾರಣ ಅದರೊಡನೆ ಬರುವ ಕ್ರಿಯಾಪದ ಪ್ರಥಮಪುರುಷದ್ದು. ಕನ್ನಡದ 'ತಾವು' ಎಂಬುದನ್ನು ಬಲ್ಲವರಿಗೆ ಇದರ ಮರ್ಮ ತಟ್ಟನೆ ಹೊಳೆಯುತ್ತದೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ವೃದ್ಧೆ ಇದ್ದರು. ಮಕ್ಕಳು ಅವರನ್ನು ಸೆನ್ಯೋರಾ ಎಂದು ಕರೆಯುತ್ತಿದ್ದರು. ಎಲ್ಲರನ್ನೂ 'ಉಸ್ತೆದ್' ಎನ್ನುವ ಆ ಹಿರಿಯರು ತಮ್ಮ ದೇವರ ಪ್ರಾರ್ಥನೆಯಲ್ಲಿ ಮಾತ್ರ 'ತು' ಎನ್ನುವುದನ್ನು ಕಂಡು ಮಗಳಿಗೆ ಸಂದೇಹವಾಯಿತು. ದೇವರಿಗೆ ಗೌರವ ಬೇಡವೆ? ತಾಯಿಗೆ ಸಂದೇಹವಾಗಲಿಲ್ಲ. ಅವರು ಬಾಲ್ಯದಿಂದ ಬಾಯಿಪಾಠ ಮಾಡಿದ ವಚನಗಳಲ್ಲಿ ಶರಣರೂ ತಮ್ಮ ದೇವನನ್ನು 'ನೀನು' ಎಂದೇ ಕರೆದಿದ್ದಾರೆ. ಬಹುವಚನವು ದೂರವನ್ನು ತೋರುತ್ತದೆ. ಎದೆಯಲ್ಲಿರುವವನಿಗೆ ಏಕವಚನವೇ ಸಲ್ಲುತ್ತದೆ.

ಆದರೂ ಎಲ್ಲವೂ ಕನ್ನಡದಂತಿಲ್ಲ. ಕನ್ನಡದಲ್ಲಿ ಜಡವಸ್ತುಗಳೆಲ್ಲ ನಪುಂಸಕಲಿಂಗ. ಅಲ್ಲಿ ಮೇಜು ಸ್ತ್ರೀ, ಪುಸ್ತಕ ಪುರುಷ; ಆಕಾರಾಂತವಾದರೂ 'ದಿಯಾ', ಎಂದರೆ ದಿನ, ಪುಲ್ಲಿಂಗ; ಒಕಾರಾಂತವಾದರೂ 'ಮಾನೋ', ಎಂದರೆ ಕೈ, ಸ್ತ್ರೀಲಿಂಗ. ತಾಯಿ ಇವುಗಳನ್ನು ಚೀಟಿಯಲ್ಲಿ ಬರೆದು ಮೇಜಿಗೂ ಕಪಾಟಿಗೂ ಅಂಟಿಸಿದರು. ಇನ್ನೂ ದೊಡ್ಡ ತೊಡಕೆಂದರೆ 'ಇರುವುದು' ಎಂಬುದಕ್ಕೆ ಎರಡು ಧಾತುಗಳು. ಒಂದು 'ಸೇರ್', ಇನ್ನೊಂದು 'ಎಸ್ತಾರ್'. ಮೊದಲನೆಯದು ವ್ಯಕ್ತಿ ಏನು, ಎಂಥವನು ಎಂಬುದನ್ನು ಹೇಳುತ್ತದೆ. ಎರಡನೆಯದು ಯಾವ ಸ್ಥಿತಿಯಲ್ಲಿದ್ದಾನೆ, ಎಲ್ಲಿದ್ದಾನೆ ಎಂಬುದನ್ನು. ಒಂದು ದಿನ ತಾಯಿ ಸೆನ್ಯೋರಾ ಅವರೊಡನೆ 'ಸೋಯ್ ಎನ್ಫೆರ್ಮಾ' ಎಂದುಬಿಟ್ಟರು. ರೋಗಿಯಾಗಿರುವುದೇ ತನ್ನ ಸ್ವಭಾವ ಎಂಬಂತಾಯಿತು ಅರ್ಥ. ಆ ವೃದ್ಧೆ ಅವರ ಕೈ ಹಿಡಿದು, ಹಾಗಲ್ಲ, 'ಎಸ್ತೋಯ್ ಎನ್ಫೆರ್ಮಾ' ಎನ್ನಬೇಕು ಎಂದು ತಿದ್ದಿದರು. ನೀನು ರೋಗಿಯಲ್ಲ, ಈಗ ಹುಷಾರಿಲ್ಲದೆ ಇದ್ದೀಯೆ, ಅಷ್ಟೇ. ವ್ಯಾಕರಣದ ಈ ತಿದ್ದುಪಡಿ ಶಸ್ತ್ರಚಿಕಿತ್ಸೆಗೆ ಅಂಜಿದ್ದ ಹೆಣ್ಣುಮಗಳಿಗೆ ಔಷಧದಷ್ಟೇ ಹಿತವಾಯಿತು. ಬಂದುದು ಹೋಗುತ್ತದೆ, ಬಂದುದೇ ತಾನಲ್ಲ.

ಆ ಸೆನ್ಯೋರಾ ಅವರೇ ತಾಯಿಯನ್ನು ವಾರದ ಸಂತೆಗೆ ಕರೆದೊಯ್ದರು. ಅಲ್ಲಿ ಸಂತೆಗೆ 'ತಿಯಾಂಗಿಸ್' ಎನ್ನುತ್ತಾರೆ. ಇದು ಸ್ಪ್ಯಾನಿಷರು ಬರುವ ಮೊದಲಿನಿಂದ ಆ ನೆಲದಲ್ಲಿರುವ ನಾಹುವಾತ್ಲ್ ಭಾಷೆಯಿಂದ ಬಂದ ಪದ. ಅಲ್ಲಿ ರಾಶಿ ಹಾಕಿದ ಒಣಮೆಣಸಿನಕಾಯಿಗಳನ್ನು ಕಂಡು ತಾಯಿ ನಿಂತುಬಿಟ್ಟರು. 'ಗ್ವಾಹಿಯೋ' ಎಂಬ ಒಂದು ಬಗೆ ಬ್ಯಾಡಗಿಯಂತೆಯೇ ಬಣ್ಣ ಗಾಢ, ಖಾರ ಮಿತ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಮೆರಿಕ ಖಂಡವೇ. ಪೋರ್ಚುಗೀಸರ ಹಡಗುಗಳಲ್ಲಿ ಅದು ಭಾರತಕ್ಕೆ ಬಂತು. ಹೊಸ ಕಾಯಿಗೆ ಕನ್ನಡಿಗರು ತಾವು ಬಲ್ಲ ಕರಿಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಸ್ಪೇನಿನವರೂ ಹಾಗೆಯೇ ಮೆಣಸಿನ ಹೆಸರಿನಿಂದ 'ಪಿಮಿಯೆಂತೋ' ಎಂದರು. ಮೆಕ್ಸಿಕೋದಲ್ಲಿ ಮಾತ್ರ ನಾಹುವಾತ್ಲ್ ಮೂಲದ 'ಚಿಲೆ' ಎಂಬುದೇ ಉಳಿಯಿತು. ಟೊಮೆಟೊ, ಚಾಕೊಲೇಟ್, ಬೆಣ್ಣೆಹಣ್ಣಿಗೆ ಹೇಳುವ 'ಆಗ್ವಕಾತೆ' ಇವೂ ಆ ಭಾಷೆಯ ಬಳುವಳಿಗಳೇ. 1521ರಲ್ಲಿ ಕತ್ತಿಯ ಬಲದಿಂದ ಆ ರಾಜಧಾನಿಯನ್ನು ಗೆದ್ದವರ ನುಡಿಯೂ ಅಡುಗೆಮನೆಯಲ್ಲಿ ಶಿಷ್ಯನಾಗಬೇಕಾಯಿತು. ಕಲಿಯದೆ ಬಾಳಬಲ್ಲ ನುಡಿ ಲೋಕದಲ್ಲಿಲ್ಲ.

ಪಾಠ ಮುಂದುವರಿದಂತೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. 'ಬೆಸೀಕುಲಾ' ಎಂಬ ಪದಕ್ಕೆ ಕನ್ನಡವೇನೆಂದು ತಾಯಿ ಕೇಳಿದಾಗ ಮಗಳಿಗೆ ಹೇಳಲಾಗಲಿಲ್ಲ. ಪಿತ್ತಕೋಶವೆಂಬುದು ಕಠಿಣ ಪದವೆಂದು ಬಿಡಬಹುದು. ಪಕ್ಕೆಲುಬು, ಮೊಣಕೈ, ಹಿಮ್ಮಡಿಗಳೂ ಅವಳಿಗೆ ಮರೆತುಹೋಗಿದ್ದವು. ವೈದ್ಯರ ಮುಂದೆ ಅವಳು ಅಂಜಿದುದು ನಿಜ. ಪೂರ್ತಿಯಾಗಿ ಹೇಳಲು ಅವಳ ಬಳಿ ಕನ್ನಡವೂ ಇರಲಿಲ್ಲವೆಂಬುದೂ ನಿಜ. ಒಂದು ದಡದಲ್ಲಿ ತಾಯಿಗೆ ಸ್ಪ್ಯಾನಿಷ್ ಇಲ್ಲ, ಇನ್ನೊಂದು ದಡದಲ್ಲಿ ಮಗಳಿಗೆ ಕನ್ನಡ ಸೋರಿಹೋಗುತ್ತಿದೆ. ನಡುವೆ ಹೊಳೆ ಅಗಲವಾಗುತ್ತಲೇ ಇತ್ತು. ಅಂದಿನಿಂದ ಪಾಠಕ್ಕೆ ಮೂರನೆಯ ನಿಯಮ ಸೇರಿತು. ಮಕ್ಕಳು ಒಂದು ಸ್ಪ್ಯಾನಿಷ್ ಪದವನ್ನು ಕೊಟ್ಟರೆ ಹೆತ್ತವರು ಒಂದು ಕನ್ನಡ ಪದವನ್ನು ಕೊಡಬೇಕು. 'ರೆಸೇತಾ' ಎಂಬ ಒಂದೇ ಪದಕ್ಕೆ ವೈದ್ಯರ ಔಷಧಚೀಟಿಯೆಂದೂ ಅಡುಗೆ ಮಾಡುವ ವಿಧಾನವೆಂದೂ ಎರಡರ್ಥ ಎಂದು ಮಗಳು ಕಲಿಸಿದಳು. 'ಆಯೂನಾಸ್' ಎಂದರೆ ಬರಿಹೊಟ್ಟೆಯಲ್ಲಿರುವುದು, ಅದನ್ನು ಮುರಿಯುವುದೇ 'ದೆಸಾಯೂನೋ', ಬೆಳಗಿನ ಉಪಾಹಾರ, ಎಂದಳು. ಪ್ರತಿಯಾಗಿ ತಾಯಿ ಉಪವಾಸ, ಪಾರಣೆ ಎಂಬ ಪದಗಳನ್ನು ಕೊಟ್ಟರು. ಅಳೆದರೆ ಎರಡೂ ತಕ್ಕಡಿ ಸಮನಾಗಿದ್ದವು.

ಶಸ್ತ್ರಚಿಕಿತ್ಸೆಯ ದಿನ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಮಕ್ಕಳಿಬ್ಬರೂ ಸೆನ್ಯೋರಾ ಅವರ ಮನೆಯಲ್ಲಿ ಉಳಿದರು. ತಂದೆ ಜೊತೆಗಿದ್ದರೂ, ಕೇಳಿದ ಪ್ರಶ್ನೆಗಳಿಗೆ ತಾಯಿಯೇ ಉತ್ತರ ಕೊಟ್ಟರು. ಹೆಸರು, ವಯಸ್ಸು, ನೋವು ಎಲ್ಲಿ, ಎಂದಿನಿಂದ, ಯಾವ ಔಷಧ ಒಗ್ಗುವುದಿಲ್ಲ, ಏನಾದರೂ ತಿಂದಿದ್ದೀರೋ. ಎಲ್ಲ ಸೇರಿ ಹತ್ತಾರು ವಾಕ್ಯಗಳು. ಲಿಂಗ ಎರಡು ಕಡೆ ತಪ್ಪಿತು. ವೈದ್ಯರಿಗೆ ಅರ್ಥವಾಗದೆ ಹೋಗಲಿಲ್ಲ. ಎಚ್ಚರವಾದ ಮೇಲೆ ದಾದಿಯು 'ಲೆ ದುಯೆಲೆ?', ತಮಗೆ ನೋಯುತ್ತದೆಯೆ, ಎಂದು ಕೇಳಿದಾಗ, 'ಮೆ ದುಯೆಲೆ, ಪೆರೊ ಪೋಕೋ' ಎಂದರು. ನೋಯುತ್ತದೆ, ಆದರೆ ಸ್ವಲ್ಪ. ಸುಳ್ಳಿಲ್ಲ, ಅಳುಕಿಲ್ಲ, ಇದ್ದುದು ಇದ್ದಂತೆ.

ಸಂಜೆ ಮಗಳು ಫೋನಿನಲ್ಲಿ ಕೇಳಿದಳು: "ಅವ್ವಾ, ಡಾಕ್ಟರಿಗೆ ಯಾರು ಹೇಳಿದ್ರು?"

"ನಾನ ಹೇಳಿದೆ."

"ಎಲ್ಲಾ?"

"ಎಲ್ಲಾ ಹೇಳಿದೆನವ್ವಾ."

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾ ಆಡಾಕ ಹೋಗ್ಲಿ?" ಎಂದಳು.

ಆ ತಾಯಿಯ ಸ್ಪ್ಯಾನಿಷ್ ಇಂದಿಗೂ ಪೂರ್ಣವಾಗಿಲ್ಲ. ಪರನುಡಿಯನ್ನು ಪೂರ್ಣವಾಗಿ ಕಲಿತೆನೆಂದು ಹೇಳಬಲ್ಲವರು ವಿರಳ. ಆದರೆ ಇಂಗ್ಲಿಷ್ ಬಾರದವಳೆಂದು ತನ್ನನ್ನು ತಾನೇ ಬಾಗಿಲ ಹೊರಗೆ ನಿಲ್ಲಿಸಿಕೊಂಡಿದ್ದವರು, ತನ್ನ ಕನ್ನಡದ ದಾರಿಯಿಂದಲೇ ಒಳಗೆ ಹೋಗಬಹುದೆಂದು ಕಂಡುಕೊಂಡರು. ತನ್ನ ನುಡಿಯನ್ನು ಚೆನ್ನಾಗಿ ಬಲ್ಲವರಿಗೆ ಪರನುಡಿ ತೀರ ಪರಕೀಯವಲ್ಲ. ಮಕ್ಕಳ ಮುಂದೆ ಚಾಪೆಯ ಮೇಲೆ ಕುಳಿತು ಕಲಿಯುವುದರಿಂದ ಹಿರಿತನಕ್ಕೆ ಕುಂದೂ ಬರುವುದಿಲ್ಲ. ಹಿರಿಯರು ತಮ್ಮ ಮಾತನ್ನು ತಾವೇ ಆಡಿದಾಗಲಷ್ಟೇ ಮಕ್ಕಳು ಮಕ್ಕಳಾಗಿ ಉಳಿಯುತ್ತಾರೆ.